ಟಿವಿ ಲೆಕ್ಕದಲ್ಲಿ ಒಂದು ಯೂನಿವರ್ಸಿಟಿಯ ಬೆಲೆ ಎಷ್ಟು?

ಪ್ರಶ್ನೆ: ನನ್ನ ಮಗಳು ಅಮೆರಿಕದ ಪುಲ್‌ಮನ್‌ನಲ್ಲಿ, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಅವರ ಫುಟ್‌ಬಾಲ್ ತಂಡ ಇದ್ದ ಪ್ಯಾಕ್-12 ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಆಡುವ ಯೂನಿವರ್ಸಿಟಿಗಳ ಒಕ್ಕೂಟ) ಬಿಟ್ಟು ಹತ್ತು ಯೂನಿವರ್ಸಿಟಿಗಳು ಹೋದವಂತೆ. ‘ನಮ್ಮ ತಂಡಕ್ಕೆ ಟಿವಿಯವರು ದುಡ್ಡು ಕೊಡಲ್ವಂತೆ, ಅದಕ್ಕೇ ಯಾರೂ ಕರೆಯಲಿಲ್ಲ’ ಅಂತ ಬೇಜಾರು ಮಾಡಿಕೊಂಡಿದ್ದಾಳೆ. ಈ ಬೆಲೆ ಕಟ್ಟೋದು ಹೇಗೆ ಸಾರ್?

ಉತ್ತರ: ಮಗಳ ಬೇಜಾರು ನ್ಯಾಯವಾದದ್ದೇ ಅಮ್ಮ. 2022ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಯೂನಿವರ್ಸಿಟಿಗಳು ಹೊರಡುತ್ತೇವೆ ಅಂದವು. 2023ರ ಸೆಪ್ಟೆಂಬರ್ ಹೊತ್ತಿಗೆ, ಹೊರಡುತ್ತೇವೆ ಅನ್ನದೆ ಉಳಿದದ್ದು ಎರಡೇ: ವಾಷಿಂಗ್ಟನ್ ಸ್ಟೇಟ್ ಮತ್ತು ಆರೆಗಾನ್ ಸ್ಟೇಟ್.

ಮೊದಲು ಒಂದು ವಿಷಯ. ಚಾನೆಲ್‌ಗಳು ಸಾಮಾನ್ಯವಾಗಿ ದುಡ್ಡು ಕೊಡೋದು ಇಡೀ ಕಾನ್ಫರೆನ್ಸಿಗೆ. ಸದಸ್ಯರು ಅದನ್ನು ಹಂಚಿಕೊಳ್ಳುತ್ತಾರೆ. ಹಾಗಾಗಿ ‘ಈ ತಂಡಕ್ಕೆ ಎಷ್ಟು ಬೆಲೆ?’ ಅಂತ ಯಾರೂ ಕೇಳಲ್ಲ. ‘ಇವರು ಬಂದರೆ ನಮ್ಮ ಪಾಲು ಏನಾಗುತ್ತೆ?’ ಅಂತ ಕೇಳುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಹತ್ತು ಸದಸ್ಯರು, ತಲಾ 3 ಕೋಟಿ ಡಾಲರ್, ಒಟ್ಟು 30 ಕೋಟಿ. ಹನ್ನೊಂದನೆಯವರು ಬಂದಾಗ ಚಾನೆಲ್ 2 ಕೋಟಿ ಜಾಸ್ತಿ ಕೊಟ್ಟಿತು ಅಂದುಕೊಳ್ಳಿ. ಈಗ 32 ಕೋಟಿಯನ್ನು ಹನ್ನೊಂದು ಪಾಲು ಮಾಡಬೇಕು. ಹಳಬರಿಗೆಲ್ಲ ತಲಾ 9 ಲಕ್ಷ ಡಾಲರ್ ಕಡಿಮೆ. ಹೊಸಬರು 2 ಕೋಟಿ ತಂದಿದ್ದಾರೆ, ಆದರೂ ಹಳಬರಿಗೆ ಬೇಡವಾಗುತ್ತಾರೆ. ಪುಲ್‌ಮನ್‌ಗೆ ಆಗಿದ್ದೂ ಇಂಥದ್ದೇ ಅಂತ ನನ್ನ ಅಂದಾಜು.

ಆರೆಗಾನ್‌ನಂಥ ಹೆಸರಾದ ತಂಡವೂ ಈ ಲೆಕ್ಕ ತಪ್ಪಿಸಿಕೊಳ್ಳಲಿಲ್ಲ. ಬಿಗ್ ಟೆನ್ ಅನ್ನೋ ಇನ್ನೊಂದು ಕಾನ್ಫರೆನ್ಸ್ ಸೇರುವಾಗ ಆರೆಗಾನ್ ಮತ್ತು ವಾಷಿಂಗ್ಟನ್ ಯೂನಿವರ್ಸಿಟಿಗಳು (ಉಳಿದ ಆ ಎರಡು ‘ಸ್ಟೇಟ್’ಗಳು ಬೇರೆ, ಇವು ಬೇರೆ), ಹಳೆಯ ಸದಸ್ಯರ ಪಾಲಿನ ಸುಮಾರು ಅರ್ಧಕ್ಕೆ ಒಪ್ಪಿಕೊಂಡವು. ಟೆಕ್ಸಾಸ್‌ನ ಎಸ್‌ಎಂಯು ಯೂನಿವರ್ಸಿಟಿ ಇನ್ನೂ ಮುಂದೆ ಹೋಯಿತು. ಎಸಿಸಿ ಅನ್ನೋ ಕಾನ್ಫರೆನ್ಸ್ ಸೇರಲು ಒಂಬತ್ತು ವರ್ಷ ಟಿವಿ ದುಡ್ಡೇ ಬೇಡ ಅಂದಿತು. ಆದರೆ ಪ್ಯಾಕ್-12 ಬಿಟ್ಟ ಕೊಲೊರಾಡೊ, ಬಿಗ್ 12 ಅನ್ನೋ ಕಾನ್ಫರೆನ್ಸಿಗೆ ಹೋದಾಗ ಪೂರ್ತಿ ಪಾಲು, ವರ್ಷಕ್ಕೆ ಸುಮಾರು 3 ಕೋಟಿ 17 ಲಕ್ಷ ಡಾಲರ್ ಸಿಕ್ಕಿತು. ದೊಡ್ಡ ಕಾನ್ಫರೆನ್ಸಿನಿಂದ ಸದಸ್ಯರು ಬಂದರೆ ಅದೇ ದರದಲ್ಲಿ ಜಾಸ್ತಿ ಕೊಡುತ್ತೇವೆ ಅಂತ ಚಾನೆಲ್‌ಗಳ ಜೊತೆಗಿನ ಅಲ್ಲಿನ ಒಪ್ಪಂದದಲ್ಲೇ ಇತ್ತು. ಹೀಗೆ ಒಪ್ಪಂದದ ಒಂದು ಸಾಲು ತಂಡದ ಆಟಕ್ಕಿಂತ ಜಾಸ್ತಿ ದುಡ್ಡು ತರೋದುಂಟು.

ಇನ್ನು, ಚಾನೆಲ್ ಯಾಕೆ ಜಾಸ್ತಿ ಕೊಡುತ್ತೆ? ಹಿಂದೆ ಇದಕ್ಕೆ ಕೇಬಲ್ ಮನೆಗಳನ್ನು ಎಣಿಸುತ್ತಿದ್ದರು. 2014ರಲ್ಲಿ ರಟ್ಗರ್ಸ್ ತಂಡವನ್ನು ಬಿಗ್ ಟೆನ್ ಸೇರಿಸಿಕೊಂಡಿದ್ದು ನ್ಯೂಯಾರ್ಕ್ ಸುತ್ತಲಿನ ಮನೆಗಳಿಗಾಗಿ. ಆಟ ನೋಡಲಿ ಬಿಡಲಿ, ಮನೆಗೆ ಇಷ್ಟು ಅಂತ ದುಡ್ಡು ಬರುತ್ತಿತ್ತು. ಈಗ ಜನ ಕೇಬಲ್ ಬಿಡುತ್ತಿದ್ದಾರೆ. ನಿಜವಾಗಿ ಕೂತು ನೋಡುವವರ ಲೆಕ್ಕವೇ ಮುಖ್ಯವಾಗಿದೆ.

ಈ ಲೆಕ್ಕದಲ್ಲೇ ಜನ ಮೋಸ ಹೋಗೋದು. ಸರಾಸರಿ ವೀಕ್ಷಕರು ಇಷ್ಟು ಅಂತ ಯಾರಾದರೂ ಪಟ್ಟಿ ಕೊಟ್ಟರೆ ನಾನು ಮೂರು ಕೇಳುತ್ತೇನೆ: ಎದುರಾಳಿ ಯಾರು, ಯಾವ ಚಾನೆಲ್, ಎಷ್ಟು ಗಂಟೆಗೆ? 2023ರಲ್ಲಿ ಮಿಷಿಗನ್–ಓಹಾಯೊ ಸ್ಟೇಟ್ ಆಟವನ್ನು ಫಾಕ್ಸ್‌ನಲ್ಲಿ ಸುಮಾರು 1 ಕೋಟಿ 90 ಲಕ್ಷ ಜನ ನೋಡಿದರು. ಓಹಾಯೊ ಸ್ಟೇಟ್ ಎದುರು ಯಾರೇ ಆಡಲಿ, ನೋಡುವವರು ಇದ್ದೇ ಇರುತ್ತಾರೆ. ಆ ಗುಂಪನ್ನು ಇನ್ನೊಂದು ತಂಡದ ಖಾತೆಗೆ ಬರೆಯೋದು ಸರಿಯಲ್ಲ. ಸಾಧಾರಣ ಎದುರಾಳಿ, ಸಾಧಾರಣ ಚಾನೆಲ್, ಆದರೂ ಜನ ಬಂದರೆ ಅದು ತಂಡದ ಸ್ವಂತ ಸಂಪಾದನೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೊಲೊರಾಡೊ–ಕೊಲೊರಾಡೊ ಸ್ಟೇಟ್ ಆಟ ಪೂರ್ವ ಕರಾವಳಿಯ ಗಡಿಯಾರದಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಶುರುವಾಯಿತು. ಆದರೂ ಇಎಸ್‌ಪಿಎನ್ ಕ್ರೀಡಾ ಚಾನೆಲ್‌ನಲ್ಲಿ ಸುಮಾರು 93 ಲಕ್ಷ ಜನ ನೋಡಿದರು. ಕಾರಣ, ಕೊಲೊರಾಡೊದ ಹೊಸ ಕೋಚ್, ಹಿಂದೆ ಸ್ಟಾರ್ ಆಟಗಾರನಾಗಿದ್ದ ಡಿಯಾನ್ ಸ್ಯಾಂಡರ್ಸ್. ಹಿಂದಿನ ವರ್ಷ ಅದೇ ತಂಡ ಹನ್ನೆರಡರಲ್ಲಿ ಒಂದೇ ಆಟ ಗೆದ್ದಿತ್ತು. ಕೋಚ್ ನಾಳೆ ಹೊರಟರೆ? ಅದಕ್ಕೇ ಒಂದು ಸೀಸನ್ ನೋಡಿ ಬೆಲೆ ಕಟ್ಟಬಾರದು. 2025ರಲ್ಲಿ ತನ್ನದೇ ಸದಸ್ಯರಾದ ಫ್ಲೋರಿಡಾ ಸ್ಟೇಟ್, ಕ್ಲೆಮ್ಸನ್ ಜೊತೆ ರಾಜಿಯಾದಾಗ ಎಸಿಸಿ, ಟಿವಿ ದುಡ್ಡಿನ ಶೇ. 60ರಷ್ಟನ್ನು ಐದು ವರ್ಷಗಳ ವೀಕ್ಷಣೆಯ ಸರಾಸರಿ ನೋಡಿ ಹಂಚಲು ಒಪ್ಪಿತು. ಐದು ವರ್ಷ ಅನ್ನೋದು ನನಗೆ ಒಳ್ಳೆಯ ಅಳತೆ ಅನಿಸುತ್ತೆ.

ಈಗ ಪುಲ್‌ಮನ್‌ಗೆ ಬರೋಣ. ಅದು ಗೋಧಿ ಹೊಲಗಳ ನಡುವಿನ ಸಣ್ಣ ಊರು. ಅದೇ ರಾಜ್ಯದ ದೊಡ್ಡ ನಗರ ಸಿಯಾಟಲ್‌ನ ವೀಕ್ಷಕರನ್ನು ಅಲ್ಲಿನ ವಾಷಿಂಗ್ಟನ್ ಯೂನಿವರ್ಸಿಟಿ ಆಗಲೇ ಬಿಗ್ ಟೆನ್‌ಗೆ ಕೊಂಡೊಯ್ದಿತ್ತು. ಅದೇ ಮನೆಗಳಿಗೆ ಚಾನೆಲ್ ಎರಡು ಸಲ ದುಡ್ಡು ಕೊಡಲ್ಲ ಅಲ್ವಾ? ಜೊತೆಗೆ, ಎಷ್ಟೋ ಆಟ ಶುರುವಾಗುವಾಗ ಪೂರ್ವದ ಜನ ಮಲಗಿರುತ್ತಿದ್ದರು. ಇನ್ನಷ್ಟು ಆಟಗಳು ಪ್ಯಾಕ್-12ರ ಸ್ವಂತ ಚಾನೆಲ್‌ನಲ್ಲಿ ಬಂದವು. ಡೈರೆಕ್‌ಟಿವಿಯಂಥ ದೊಡ್ಡ ಡಿಶ್ ಟಿವಿ ಸೇವೆಯಲ್ಲಿ ಆ ಚಾನೆಲ್ಲೇ ಸಿಗುತ್ತಿರಲಿಲ್ಲ. ನೋಡಲು ಸಿಗದ ತಂಡವನ್ನು ಯಾರೂ ನೋಡಲಿಲ್ಲ ಅಂತ ಬರೆದಿಡೋದು ಅನ್ಯಾಯ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆ ಅಭಿಮಾನಿಗಳನ್ನು ನೋಡಿ. ಇಎಸ್‌ಪಿಎನ್‌ನ ‘ಕಾಲೇಜ್ ಗೇಮ್‌ಡೇ’ ಅನ್ನೋ ಫುಟ್‌ಬಾಲ್ ಕಾರ್ಯಕ್ರಮ ಸೀಸನ್‌ನಲ್ಲಿ ಪ್ರತಿ ಶನಿವಾರ ಬೇರೆ ಬೇರೆ ಕ್ಯಾಂಪಸ್‌ನಿಂದ ಬರುತ್ತೆ. ಎಲ್ಲೇ ನಡೆಯಲಿ, ಹಿಂದಿನ ಗುಂಪಿನಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಕೆಂಪು ಬಾವುಟ ಹಾರಾಡುತ್ತೆ. 2003ರಿಂದ ಇದು ನಡೆದುಕೊಂಡು ಬಂದಿದೆ. 2018ರ ಅಕ್ಟೋಬರ್‌ನಲ್ಲಿ ಕಾರ್ಯಕ್ರಮ ಪುಲ್‌ಮನ್‌ಗೇ ಬಂತು. ಆ ದಿನ ತಂಡ ಆರೆಗಾನ್ ಅನ್ನು 34–20ರಿಂದ ಸೋಲಿಸಿತು. ಮಗಳಿಗೆ ಇದನ್ನು ಹೇಳಿ. ಇನ್ನೊಂದು, 2026ರಿಂದ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್ ಮುಂತಾದವರ ಜೊತೆ ಹೊಸ ಪ್ಯಾಕ್-12; ಮುಖ್ಯ ಚಾನೆಲ್ ಸಿಬಿಎಸ್. ಅಲ್ಲಿ ಅವರ ಆಟ ಜನರ ಕಣ್ಣಿಗೆ ಬೀಳುತ್ತೆ.

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್‌ನಲ್ಲಿ ಕ್ಯಾನ್ಸಸ್ ಯೂನಿವರ್ಸಿಟಿ ಅಷ್ಟು ದೊಡ್ಡ ಹೆಸರು. ಟಿವಿ ಬೆಲೆಯಲ್ಲಿ ಅದು ಯಾಕೆ ಕಾಣಲ್ಲ?

ಉತ್ತರ: ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ದುಡ್ಡು ಮಾರ್ಚ್ ತಿಂಗಳ ಟೂರ್ನಿಯಲ್ಲಿದೆ. ಅದರ ಹಕ್ಕು ಮಾರೋದು ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ; ಕಾನ್ಫರೆನ್ಸ್‌ಗಳಲ್ಲ. ಈಗಿನ ಒಪ್ಪಂದ 2032ರವರೆಗೆ ಇದೆ. ಫುಟ್‌ಬಾಲ್‌ನ ಟಿವಿ ಹಕ್ಕಿನ ಮೇಲಿನ ಎನ್‌ಸಿಎಎ ಹಿಡಿತವನ್ನು ಸುಪ್ರೀಂ ಕೋರ್ಟ್ 1984ರಲ್ಲೇ ತೆಗೆದುಹಾಕಿತು. ಅಲ್ಲಿಂದ ಕಾನ್ಫರೆನ್ಸ್‌ಗಳ ಗಲ್ಲಾಪೆಟ್ಟಿಗೆ ತುಂಬಿಸುತ್ತಿರೋದು ಫುಟ್‌ಬಾಲೇ. ಬ್ಯಾಸ್ಕೆಟ್‌ಬಾಲ್ ಬಲದ ಮೇಲೇ ಆಹ್ವಾನ ಪಡೆದದ್ದು ಗೊನ್ಜಾಗಾ ಯೂನಿವರ್ಸಿಟಿ. ಅದಕ್ಕೆ ಫುಟ್‌ಬಾಲ್ ತಂಡವೇ ಇಲ್ಲ, ಆದರೂ ಹೊಸ ಪ್ಯಾಕ್-12ರಲ್ಲಿ ಸದಸ್ಯತ್ವ ಸಿಕ್ಕಿದೆ.