ಹೊಳಪನ್ನು ಫೋಟೊದಲ್ಲಿ ಹಿಡಿಯುವುದು: ವಿದ್ಯಾರ್ಥಿಯ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗಾಗಿ ಬೆಳಕಿನ ಪ್ರತಿಫಲನವನ್ನು ಫೋಟೊಗಳಲ್ಲಿ ತೋರಿಸಬೇಕೆಂದಿದ್ದೇನೆ. ಟೇಬಲ್ ಲ್ಯಾಂಪಿನಡಿ ಸ್ಟೀಲ್ ಚಮಚ ಇಟ್ಟು ತೆಗೆದರೆ ಒಂದು ಕಡೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ, ಉಳಿದದ್ದೆಲ್ಲ ಕಪ್ಪು. ಲ್ಯಾಂಪನ್ನು ದೂರ ಸರಿಸಿದರೂ ಚುಕ್ಕೆ ಮಂಕಾಗುತ್ತಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗಬೇಕಲ್ಲವೇ?

ಉತ್ತರ: ಆಗುತ್ತದೆ, ಆದರೆ ಚಮಚದ ಕೆಳಗೆ ಹಾಸಿದ ಕಾಗದದ ಮಟ್ಟಿಗೆ. ಲ್ಯಾಂಪನ್ನು ಅರ್ಧ ಮೀಟರಿನಿಂದ ಒಂದು ಮೀಟರಿಗೆ ಒಯ್ದರೆ ಕಾಗದದ ಮೇಲಿನ ಬೆಳಕು ಸುಮಾರು 2 ಸ್ಟಾಪ್ ಇಳಿಯುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಕಾಗದ ತನ್ನ ಮೇಲೆ ಬಿದ್ದದ್ದನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಪಾಲಿಶ್ ಮಾಡಿದ ಸ್ಟೀಲ್ ಚೆದುರಿಸುವುದಿಲ್ಲ, ಅದು ಕನ್ನಡಿ. ನೀವು ನೋಡುತ್ತಿರುವ ಚುಕ್ಕೆ ಬಲ್ಬಿನ ಪ್ರತಿಬಿಂಬ. ಬಲ್ಬ್ ದೂರ ಹೋದಂತೆ ಪ್ರತಿಬಿಂಬ ಚಿಕ್ಕದಾಗುತ್ತದೆಯೇ ಹೊರತು ಅದರ ಪ್ರಖರತೆ ತಗ್ಗುವುದಿಲ್ಲ. ಚುಕ್ಕೆಯೊಳಗಿನ ವಿವರ ಅಳಿಸಿಹೋಗದಷ್ಟು ಎಕ್ಸ್‌ಪೋಶರ್ (ಫೋಟೊ ಎಷ್ಟು ಬೆಳಕಾಗಿ ಬರಬೇಕೆಂಬ ಹೊಂದಿಕೆ) ಇಳಿಸಿ, ಅದನ್ನು ಲಾಕ್ ಮಾಡಿ, ಎರಡೂ ದೂರದಲ್ಲಿ ಒಂದೊಂದು ಫೋಟೊ ತೆಗೆದು ಅಕ್ಕಪಕ್ಕ ಇಡಿ. ಕಾಗದ ಕಪ್ಪಾಗಿರುತ್ತದೆ, ಚುಕ್ಕೆ ಕುಗ್ಗಿರುತ್ತದೆ, ಆದರೆ ಅಷ್ಟೇ ಬೆಳ್ಳಗಿರುತ್ತದೆ. ಚೆದುರಿದ ಪ್ರತಿಫಲನಕ್ಕೂ ಕನ್ನಡಿಯ ಪ್ರತಿಫಲನಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಜೋಡಿಚಿತ್ರ ಸಿಗುವುದು ಕಷ್ಟ.

ಹಾಗಾದರೆ ಚಮಚವನ್ನು ಚೆನ್ನಾಗಿ ತೆಗೆಯುವುದು ಹೇಗೆ? ಚಮಚಕ್ಕೆ ಬೆಳಕು ಬಿಡುವ ಯೋಚನೆ ಬಿಟ್ಟು, ಚಮಚ ಏನನ್ನು ನೋಡುತ್ತಿದೆಯೋ ಅದಕ್ಕೆ ಬೆಳಕು ಬಿಡಿ. ಎ3 ಅಳತೆಯ ಟ್ರೇಸಿಂಗ್ ಪೇಪರನ್ನು ಚಮಚದಿಂದ 15 ಸೆಂ.ಮೀ. ದೂರದಲ್ಲಿ ಓರೆಯಾಗಿ ನಿಲ್ಲಿಸಿ, ಅದರ ಹಿಂದೆ 40–50 ಸೆಂ.ಮೀ. ದೂರದಲ್ಲಿ ಲ್ಯಾಂಪ್ ಇಡಿ. ಈಗ ಚಮಚದಲ್ಲಿ ಕಾಣುವುದು ಬಲ್ಬಲ್ಲ, ಬೆಳಗಿದ ಕಾಗದ. ಲ್ಯಾಂಪನ್ನು ಕಾಗದಕ್ಕೆ ತೀರ ಹತ್ತಿರ ಒಯ್ದರೆ ಕಾಗದದ ನಡುವೆಯೇ ಬಿಳಿ ಮಚ್ಚೆಯೊಂದು ಮೂಡಿ, ಚಮಚ ಅದನ್ನೂ ನಿಷ್ಠೆಯಿಂದ ತೋರಿಸುತ್ತದೆ. ಬಿಸಿಯಾಗುವ ಬಲ್ಬಾದರೆ ಕಾಗದಕ್ಕೆ ಬೆಂಕಿಯ ಭಯವೂ ಇದೆ.

ಸುತ್ತಲೂ ಬಿಳಿಯೇ ಇದ್ದರೆ ಸ್ಟೀಲ್ ಸಪ್ಪೆಯಾಗಿ, ಬೂದು ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಒಂದೆರಡು ಸೆಂ.ಮೀ. ಅಗಲದ ಕಪ್ಪು ರಟ್ಟಿನ ಪಟ್ಟಿಯನ್ನು ಕಾಗದದ ಅಂಚಿಗೆ ಹಿಡಿದು, ಕ್ಯಾಮೆರಾದ ಪರದೆ ನೋಡುತ್ತ ನಿಧಾನವಾಗಿ ಸರಿಸಿ. ಚಮಚದ ಅಂಚಿನಲ್ಲಿ ಕಪ್ಪು ಗೆರೆಯೊಂದು ಓಡಿದ ಕ್ಷಣ ಅದಕ್ಕೆ ಆಕಾರ ಬರುತ್ತದೆ. ನಿಮ್ಮ ಮುಖ, ಫೋನು ಕಾಣುತ್ತಿದ್ದರೆ ಕಪ್ಪು ರಟ್ಟಿನಲ್ಲಿ ಲೆನ್ಸ್‌ನಷ್ಟೇ ತೂತು ಕೊರೆದು ಅದರ ಹಿಂದಿನಿಂದ ತೆಗೆಯಿರಿ. ಚಮಚದ ಉಬ್ಬು ಬೆನ್ನು ಇಡೀ ಕೋಣೆಯನ್ನು ಹಿಡಿದಿಡುವುದರಿಂದ ಲೆನ್ಸಿನ ಒಂದು ಚಿಕ್ಕ ಕಪ್ಪು ಬಿಂದು ಹೇಗೂ ಉಳಿಯುತ್ತದೆ. ದೂರ ನಿಂತು 2ಎಕ್ಸ್ ಲೆನ್ಸ್‌ನಲ್ಲಿ ತೆಗೆದರೆ ಅದು ಗಮನಕ್ಕೇ ಬರದಷ್ಟು ಕಿರಿದಾಗುತ್ತದೆ.

ಪ್ರಶ್ನೆ: ಕನ್ನಡಿಯೊಳಗಿನ ಗೊಂಬೆಯ ಫೋಟೊ ತೆಗೆದರೆ ಕನ್ನಡಿಯ ಚೌಕಟ್ಟು ಸ್ಪಷ್ಟ, ಗೊಂಬೆ ಮಸುಕು. ಮೇಣದಬತ್ತಿ ಇಟ್ಟರೆ ಜ್ವಾಲೆ ಎರಡೆರಡು ಕಾಣುತ್ತದೆ. ಕನ್ನಡಿಯ ದೋಷವೇ?

ಉತ್ತರ: ಮಸುಕಿಗೆ ಕಾರಣ ಫೋಕಸ್. ಪ್ರತಿಬಿಂಬ ಇರುವುದು ಗಾಜಿನ ಮೇಲಲ್ಲ, ಅದರ ಹಿಂದೆ. ಕ್ಯಾಮೆರಾದಿಂದ ಕನ್ನಡಿಗೆ 1 ಮೀಟರ್, ಕನ್ನಡಿಯಿಂದ ಗೊಂಬೆಗೆ 1.5 ಮೀಟರ್ ಇದ್ದರೆ ಫೋಕಸ್ ಆಗಬೇಕಾದದ್ದು 2.5 ಮೀಟರಿಗೆ. ಆಟೋಫೋಕಸ್ ಚೌಕಟ್ಟನ್ನೋ ಗಾಜಿನ ಮೇಲಿನ ಧೂಳನ್ನೋ ಹಿಡಿದುಕೊಂಡಿರುತ್ತದೆ. ಪರದೆಯಲ್ಲಿ ಗೊಂಬೆಯ ಮೇಲೆಯೇ ಬೆರಳಿಟ್ಟು ಫೋಕಸ್ ಮಾಡಿ, ಅಥವಾ ಟೇಪಿನಿಂದ ಅಳೆದು ಮ್ಯಾನ್ಯುವಲ್ ಫೋಕಸ್‌ನಲ್ಲಿಡಿ. ಚೌಕಟ್ಟೂ ಗೊಂಬೆಯೂ ಎರಡೂ ಸ್ಪಷ್ಟವಾಗಬೇಕಾದರೆ ಹಿಂದೆ ಸರಿದು ಲೆನ್ಸಿನ ತೂತನ್ನು (ಅಪರ್ಚರ್) ಕಿರಿದಾಗಿಸಿ ಎಫ್/11 ಅಥವಾ ಎಫ್/16 ಬಳಸಿ.

ಎರಡನೇ ಜ್ವಾಲೆ ದೋಷವಲ್ಲ. ಸಾಮಾನ್ಯ ಕನ್ನಡಿಯ ಲೋಹದ ಲೇಪ ಗಾಜಿನ ಬೆನ್ನಿಗಿರುತ್ತದೆ. ಮುಂದಿನ ಗಾಜು ತಾನೂ ಸುಮಾರು 4 ಶೇಕಡಾ ಬೆಳಕನ್ನು ಹಿಂತಿರುಗಿಸುತ್ತದೆ, ಓರೆಯಾಗಿ ನೋಡಿದಷ್ಟೂ ಇನ್ನೂ ಹೆಚ್ಚು. ಪೆನ್ಸಿಲ್ ಮೊನೆಯನ್ನು ಕನ್ನಡಿಗೆ ತಾಗಿಸಿ ನೋಡಿ: ಮೊನೆಗೂ ಅದರ ಪ್ರತಿಬಿಂಬಕ್ಕೂ ನಡುವೆ ಸಂದು ಕಂಡರೆ ಲೇಪ ಹಿಂದಿದೆ. ಲೇಪ ಮುಂಭಾಗದಲ್ಲೇ ಇರುವ ಕನ್ನಡಿಗಳೂ ಇವೆ. ಅವುಗಳಲ್ಲಿ ಈ ಜೋಡಿಬಿಂಬ ಬರುವುದಿಲ್ಲ. ಆದರೆ ಅವನ್ನು ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಗಾಳಿ ಊದುವ ರಬ್ಬರ್ ಬಲ್ಬಿನಿಂದಷ್ಟೇ ಧೂಳು ತೆಗೆಯಬೇಕು. ಅವುಗಳ ಮೇಲೆ ಪೆನ್ಸಿಲ್ ಪರೀಕ್ಷೆಯೂ ಬೇಡ.

ಪ್ರಶ್ನೆ: ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಗಾಜಿನ ಮೇಲಿನ ಹೊಳಪು ಹೋಗುತ್ತದೆ, ಒಮ್ಮೊಮ್ಮೆ ಹೋಗುವುದೇ ಇಲ್ಲ. ಸ್ಟೀಲ್ ಮೇಲಂತೂ ಏನೂ ಆಗುವುದಿಲ್ಲ.

ಉತ್ತರ: ಎಲ್ಲವೂ ಕೋನದ ಮೇಲೆ ನಿಂತಿದೆ. ಗಾಜಿನ ಮೇಲ್ಮೈಗೆ ಎಳೆದ ಲಂಬದಿಂದ ಸುಮಾರು 56 ಡಿಗ್ರಿ, ನೀರಾದರೆ 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಪೂರ್ತಿಯಾಗಿ ಒಂದೇ ದಿಕ್ಕಿನಲ್ಲಿ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಫಿಲ್ಟರ್ ಅದನ್ನು ತಡೆಯಬಲ್ಲದು. ನೇರ ಎದುರಿನಿಂದ ನೋಡಿದಾಗ ಧ್ರುವೀಕರಣವೇ ಇಲ್ಲ, ಹಾಗಾಗಿ ಎಷ್ಟು ತಿರುಗಿಸಿದರೂ ಫಲವಿಲ್ಲ. ಲೋಹದ ಹೊಳಪು ಯಾವ ಕೋನದಲ್ಲೂ ಪೂರ್ತಿ ಧ್ರುವೀಕರಣಗೊಳ್ಳುವುದಿಲ್ಲ.

ಇದನ್ನು ಅಳೆದೇ ನೋಡಬಹುದು. ಕಪ್ಪು ಕಾಗದದ ಮೇಲೆ ಗಾಜಿನ ತುಂಡು ಮಲಗಿಸಿ, ಎದುರಿಗೆ ಹಿಂದಿನಿಂದ ಬೆಳಗಿದ ಟ್ರೇಸಿಂಗ್ ಪೇಪರ್ ನಿಲ್ಲಿಸಿ. ಟ್ರೈಪಾಡ್ ಮೇಲಿನ ಕ್ಯಾಮೆರಾವನ್ನು ಲಂಬದಿಂದ 30 ಡಿಗ್ರಿಗೆ ಇಟ್ಟು ಶುರುಮಾಡಿ 80ರವರೆಗೆ ಹತ್ತತ್ತು ಡಿಗ್ರಿ ಇಳಿಸುತ್ತ ಹೋಗಿ. 50ರಿಂದ 60ರ ನಡುವೆ ಎರಡೆರಡು ಡಿಗ್ರಿ ಸಾಕು. ಪ್ರತಿ ಸಲವೂ ಗಾಜಿನಲ್ಲಿ ಕಾಗದದ ಪ್ರತಿಬಿಂಬ ಇದೆಯೆಂದು ಖಚಿತಪಡಿಸಿಕೊಂಡು, ಫಿಲ್ಟರನ್ನು ಹೊಳಪು ಅತಿ ಕಡಿಮೆಯಾಗುವಲ್ಲಿಗೆ ತಿರುಗಿಸಿ. ಷಟರ್ (ತೆರೆದಿರುವ ಸಮಯ), ಅಪರ್ಚರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂರನ್ನೂ ಬದಲಿಸಬೇಡಿ. ಆಟೋ ಎಕ್ಸ್‌ಪೋಶರ್ ಇದ್ದರೆ ಕತ್ತಲಾದ ಚಿತ್ರವನ್ನು ಕ್ಯಾಮೆರಾ ತಾನಾಗಿ ಬೆಳಗಿಸಿ ಇಡೀ ಹೋಲಿಕೆಯನ್ನೇ ಕೆಡಿಸುತ್ತದೆ. ಕಿಟಕಿಯಿಂದ ಬರುವ ನೀಲಿ ಆಕಾಶದ ಬೆಳಕೂ ಬೇಡ, ಅದು ಮೊದಲೇ ಭಾಗಶಃ ಧ್ರುವೀಕರಣಗೊಂಡಿರುತ್ತದೆ.

ಸ್ಟೀಲಿಗೂ ದಾರಿಯಿದೆ: ಬೆಳಕನ್ನೇ ಮೊದಲು ಧ್ರುವೀಕರಿಸಿ. ಪೋಲರೈಸಿಂಗ್ ಹಾಳೆ ಇಲ್ಲದಿದ್ದರೆ ಎಲ್‌ಸಿಡಿ ಮಾನಿಟರಿನಲ್ಲಿ ಖಾಲಿ ಬಿಳಿ ಪುಟ ತೆರೆದು ಅದನ್ನೇ ದೀಪವಾಗಿಸಿ, ಕೋಣೆಯ ಉಳಿದ ದೀಪ ಆರಿಸಿ. ಲೆನ್ಸಿನ ಮೇಲಿನ ಫಿಲ್ಟರ್ ತಿರುಗಿಸುತ್ತ ಹೋದರೆ ಚಮಚದಲ್ಲಿ ಕಾಣುವ ಬಿಳಿ ಪರದೆ ಒಂದು ಹಂತದಲ್ಲಿ ಬಹುತೇಕ ಆರಿಹೋಗುತ್ತದೆ, ಬಾಗಿದ ಅಂಚುಗಳಲ್ಲಿ ಸ್ವಲ್ಪ ಉಳಿಯುತ್ತದೆ. ಬೆಳಕು ಬಹಳ ಕಡಿಮೆ ಇರುವುದರಿಂದ ಷಟರ್ ಕೆಲವು ಸೆಕೆಂಡು ತೆರೆದಿರಬೇಕಾಗಬಹುದು. ಟ್ರೈಪಾಡ್ ಮತ್ತು ಟೈಮರ್ ಇಲ್ಲದೆ ಆಗದು. ಇದೇ ಏರ್ಪಾಟಿನಲ್ಲಿ ಪರದೆಯನ್ನೇ ನೇರವಾಗಿ ತೆಗೆಯುತ್ತ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಹಿಡಿದು ನೋಡಿ. ಅಚ್ಚು ಹಾಕುವಾಗ ಪ್ಲಾಸ್ಟಿಕ್‌ನೊಳಗೆ ಉಳಿದ ಬಿಗಿತಗಳು ಬಣ್ಣದ ಪಟ್ಟೆಗಳಾಗಿ ಕಾಣುತ್ತವೆ.

ಪ್ರಶ್ನೆ: ಬಿಳಿ ಹಿನ್ನೆಲೆ ಫೋಟೊದಲ್ಲಿ ಬೂದಾಗುತ್ತದೆ.

ಉತ್ತರ: ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಕಂಡದ್ದನ್ನೆಲ್ಲ ನಡು ಬೂದು ಬಣ್ಣಕ್ಕೆ ಎಳೆಯುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಷನ್ +1ರಿಂದ +1.5ಕ್ಕೆ ಏರಿಸಿ. ಕಪ್ಪು ಹಿನ್ನೆಲೆಗೆ ಇದೇ ಲೆಕ್ಕ ತಿರುಗುಮುರುಗು.

ಪ್ರಶ್ನೆ: ಗಾಜಿನ ಲೋಟ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಅಂಚು ಕಾಣಿಸುವುದು ಹೇಗೆ?

ಉತ್ತರ: ಲೋಟಕ್ಕೆ ಬೆಳಕು ಬೀಳದಂತೆ ನೋಡಿಕೊಂಡು, ಅದರಿಂದ 40 ಸೆಂ.ಮೀ. ಹಿಂದಿರುವ ಬಿಳಿ ಹಾಳೆಯನ್ನು ಮಾತ್ರ ಬೆಳಗಿಸಿ. ಆ ಹಾಳೆ ಫ್ರೇಮ್ ತುಂಬುವಷ್ಟೇ ಇರಲಿ. ಅದಕ್ಕಿಂತ ದೊಡ್ಡದಿದ್ದರೆ ಹೊರಗಿನ ಬಿಳಿ ಬಾಗಿ ಬಂದು ಗಾಜಿನ ಅಂಚಿನಲ್ಲಿ ಸೇರಿಕೊಳ್ಳುತ್ತದೆ, ಲೋಟ ಕರಗುವುದು ಇದರಿಂದಲೇ. ಫ್ರೇಮಿನ ಹೊರಗೆ ಎರಡೂ ಬದಿ ಕಪ್ಪು ರಟ್ಟು ನಿಲ್ಲಿಸಿದರೆ ಅಂಚು ಕಪ್ಪು ಗೆರೆಯಾಗಿ ಮೂಡುತ್ತದೆ. ಅಂಚು ಬೆಳ್ಳಗೆ ಹೊಳೆಯಬೇಕೆಂದರೆ ದೊಡ್ಡ ಬಿಳಿ ಹಾಳೆಯ ಮುಂದೆ ಫ್ರೇಮ್ ತುಂಬುವಷ್ಟೇ ಕಪ್ಪು ರಟ್ಟು ಇಡಿ. ಈ ಎರಡನೇ ವಿಧಾನದಲ್ಲಿ ಬೆರಳಚ್ಚು, ನೀರಿನ ಕಲೆ, ಧೂಳಿನ ಕಣ ಎಲ್ಲವೂ ಎದ್ದು ಕಾಣುವುದರಿಂದ ಲೋಟವನ್ನು ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಹತ್ತಿಯ ಕೈಗವಸು ಹಾಕಿಕೊಂಡೇ ಮುಟ್ಟಿ.