ರನ್ ದ್ವೀಪ ಕೊಟ್ಟು ಮ್ಯಾನ್‌ಹಟನ್ ಪಡೆದಿದ್ದು ನಿಜವೇ?

ಈಗಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲಿ ಒಂದಾದ, ಜಾಯಿಕಾಯಿ ಬೆಳೆಯುವ ಪುಟ್ಟ ರನ್ ದ್ವೀಪಕ್ಕಾಗಿ ಡಚ್ಚರು ಈಗಿನ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಬಿಟ್ಟುಕೊಟ್ಟರಾ ಅಂತ ಕೇಳಿದ್ದೀರಿ. ಅರ್ಧ ನಿಜ. ಇಂಗ್ಲಿಷರು 1664ರಲ್ಲೇ ಮ್ಯಾನ್‌ಹಟನ್ ಹಿಡಿದಿದ್ದರು. 1667ರ ಬ್ರೆಡಾ ಒಪ್ಪಂದದಲ್ಲಿ, ಯಾರ ಕೈಯಲ್ಲಿ ಏನಿದೆಯೋ ಅದು ಅವರಿಗೇ ಅಂದರು, ಅಷ್ಟೇ.

ಈ ಕಥೆ ಹೇಳುವವರು ಅಲ್ಲಿನ ಬಾಂಡಾ ಜನರನ್ನೇ ಮರೆಯುತ್ತಾರೆ, ಅದೇ ನನಗೆ ಬೇಸರ. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್‌ಸೂನ್ ಕೂನ್ ಅಲ್ಲಿಗೆ ಸೈನ್ಯ ತಂದ. ಜಪಾನಿನ ಬಾಡಿಗೆ ಸೈನಿಕರೂ ಜೊತೆಗಿದ್ದರು. ಹೆಚ್ಚಿನ ಜನ ಸತ್ತರು, ಓಡಿಹೋದರು, ಇಲ್ಲವೇ ಗುಲಾಮರಾದರು. ಆಮೇಲೆ ತೋಟದ ಕೆಲಸಕ್ಕೆ ಬೇರೆ ಕಡೆಯಿಂದ ಗುಲಾಮರನ್ನು ತಂದರು. ಕಂಪನಿ ಅಂದರೆ ಸುಮ್ನೆ ವ್ಯಾಪಾರ ಅಲ್ಲ, ಅಲ್ವಾ?

ಮುಂದೆ ಇಂಗ್ಲಿಷರು ಜಾಯಿಕಾಯಿ ಸಸಿಗಳನ್ನು ಈಗಿನ ಮಲೇಷ್ಯಾದ ಪೆನಾಂಗ್‌ಗೆ ಸಾಗಿಸಿದರು. ಈಗ ಕೆರಿಬಿಯನ್‌ನ ಗ್ರೆನಡಾ ದೇಶದ ಬಾವುಟದಲ್ಲೂ ಜಾಯಿಕಾಯಿ ಇದೆ.