ನಮ್ಮೂರಲ್ಲಿ ರೈತರೇ ಇಲ್ಲವಾ?

ಚಿಕ್ಕಮಗಳೂರಿನ ಕಾಫಿ ಸೀಮೆಯ ಆಲ್ದೂರು ಕಡೆಯ ಓದುಗರೊಬ್ಬರ ಪತ್ರ: "2011ರ ಜನಗಣತಿಯಲ್ಲಿ ನಮ್ಮೂರಿನ ಲೆಕ್ಕ ನೋಡಿದೆ. ಸಾಗುವಳಿದಾರರು ಬೆರಳೆಣಿಕೆಯಷ್ಟು. ಮುಕ್ಕಾಲು ಪಾಲು ಜನ 'ಇತರೆ ಕೆಲಸಗಾರರು'. ನಮ್ಮೂರಲ್ಲಿ ಅಷ್ಟೊಂದು ಆಫೀಸು, ಅಂಗಡಿ ಎಲ್ಲಿವೆ? ಜನಸಂಖ್ಯೆ ಬೇರೆ ಇಳಿದಿದೆ. ಈ ಲೆಕ್ಕ ಸುಳ್ಳಲ್ವಾ?"

ಸಂಪಾದಕರ ಉತ್ತರ:

ಸುಳ್ಳಲ್ಲ. 'ಇತರೆ' ಅನ್ನುವ ಪದ ನಿಮ್ಮ ದಾರಿ ತಪ್ಪಿಸಿದೆ, ಅಷ್ಟೆ. ನನ್ನದನ್ನೂ ತಪ್ಪಿಸಿತ್ತು. ಕೆಲವು ವರ್ಷಗಳ ಹಿಂದೆ ಮೂಡಿಗೆರೆ ಕಡೆಯ ಹಳ್ಳಿಯೊಂದರ ಇಂಥದ್ದೇ ಪಟ್ಟಿ ನೋಡಿ 'ಬೇಸಾಯ ಬಿಟ್ಟ ಊರು' ಅಂತ ಇದೇ ಪತ್ರಿಕೆಯಲ್ಲಿ ಬರೆದುಬಿಟ್ಟೆ. ಆ ಊರಿನವರೊಬ್ಬರು ಫೋನ್ ಮಾಡಿದರು. "ಸಾರ್, ಇಲ್ಲಿ ಕಾಫಿ ಹಣ್ಣು ಕೊಯ್ಯೋಕೆ ಆಳಿಲ್ಲ. ಬೇಸಾಯ ಬಿಟ್ಟವರು ಯಾರಾದ್ರೂ ಸಿಕ್ಕಿದ್ರೆ ನೀವೇ ಕರ್ಕೊಂಡು ಬನ್ನಿ!"

ಗಣತಿಯವರ ಪ್ರಕಾರ ಉತ್ತು, ಬಿತ್ತಿ, ಕೊಯ್ಯುವುದು ಸಾಗುವಳಿ. ಕಾಫಿ, ಟೀ, ರಬ್ಬರ್ ತೋಟ ಅದರಲ್ಲಿ ಸೇರುವುದಿಲ್ಲ. 1991ರವರೆಗೆ ತೋಟ, ಪಶುಸಂಗೋಪನೆ, ಮೀನುಗಾರಿಕೆಗೆಲ್ಲ ಸೇರಿ ಒಂದು ಬೇರೆ ವರ್ಗ ಇತ್ತು. 2001ರಲ್ಲಿ ಎಲ್ಲವನ್ನೂ ನಾಲ್ಕಕ್ಕೆ ಇಳಿಸಿದರು: ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, ಇತರೆ. ಹೀಗಾಗಿ ಎರಡೆಕರೆ ರೋಬಸ್ಟಾ ಕಾಫಿ ಇಟ್ಟುಕೊಂಡವರು, ತೋಟದ ಲೈನ್ ಮನೆಯಲ್ಲಿರುವ ಆಳು, ಲೆಕ್ಕ ಬರೆಯುವ ಎಸ್ಟೇಟ್ ರೈಟರ್, ಶಾಲೆ ಮೇಷ್ಟ್ರು, ಬಸ್ ಕಂಡಕ್ಟರ್ ಎಲ್ಲರೂ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಅರಸೀಕೆರೆ ಕಡೆ ಒಂದೆಕರೆ ರಾಗಿ ಬೆಳೆಯುವವನು ಮಾತ್ರ ಪಟ್ಟಿಯಲ್ಲೂ ರೈತನೇ.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಹೆಂಗಸರ ಲೆಕ್ಕ. ಕೊಯ್ಲಿನ ದಿನಗಳಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಬೆಳಗ್ಗೆಯೇ ತೋಟಕ್ಕಿಳಿಯುತ್ತಾರೆ. ಸಂಜೆ ಮೂಟೆ ಹೊತ್ತು ತಂದು, ಎಲೆ ಕಡ್ಡಿ ಆರಿಸಿ, ತಕ್ಕಡಿ ಮುಂದೆ ನಿಲ್ಲುತ್ತಾರೆ. ರೈಟರ್ ಕಿಲೋ ಬರೆದುಕೊಳ್ಳುವವರೆಗೂ ಕಣ್ಣು ಮುಳ್ಳಿನ ಮೇಲೇ. ವರ್ಷದಲ್ಲಿ ಆ ಮೂರು ತಿಂಗಳು ಮಾತ್ರ ದುಡಿದರೆ ಅವರು 'ಅಲ್ಪಾವಧಿ ಕೆಲಸಗಾರರು'. ಮುಖ್ಯ ಕೆಲಸಗಾರರಾಗಲು ಆರು ತಿಂಗಳು ಬೇಕು. ಮನೆ ಖರ್ಚಿಗೆ ಹಾಲು ಕರೆದರೂ ಅದು ಕೆಲಸ ಅಂತ ಗಣತಿಯ ನಿಯಮದಲ್ಲೇ ಇದೆ. ಆದರೆ ಎಣಿಸುವವರು ಬಾಗಿಲಿಗೆ ಬಂದಾಗ ಉತ್ತರ ಕೊಡುವವನು ಗಂಡ. "ಅವಳಾ? ಸುಮ್ನೆ ಮನೇಲಿದ್ದಾಳೆ ಸಾರ್" ಅಂದುಬಿಡುತ್ತಾನೆ. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿರುತ್ತದೆ.

ಇನ್ನು ಜನ ಇಳಿದದ್ದು. ಅದು ನಿಮ್ಮೂರಿನ ಕಥೆ ಮಾತ್ರ ಅಲ್ಲ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದರು, 2011ಕ್ಕೆ 11,37,961. ಹತ್ತು ವರ್ಷದಲ್ಲಿ ರಾಜ್ಯದ ಜನ ಸುಮಾರು ಶೇ. 15.6 ಹೆಚ್ಚಿದರೆ ಇಲ್ಲಿ ಮೂರು ಸಾವಿರದಷ್ಟು ಕಡಿಮೆಯಾದರು. ಪಕ್ಕದ ಹಾಸನ ಶೇ. 3ರ ಆಸುಪಾಸು ಹೆಚ್ಚಿತು. ಮನೆಗೆ ಒಂದೋ ಎರಡೋ ಮಕ್ಕಳು, ಅವರೂ ಓದು ಮುಗಿಸಿ ಬೆಂಗಳೂರಿಗೆ. ಆ ದಶಕದ ಶುರುವಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದ್ದು ನಿಮಗೂ ನೆನಪಿರಬೇಕು. ಈಗ ಕೊಯ್ಲಿಗೆ ಅಸ್ಸಾಂನಿಂದ ಆಳುಗಳು ಬರುತ್ತಿದ್ದಾರೆ.

ಮುಂದಿನ ಗಣತಿಯ ಲೆಕ್ಕಕ್ಕೆ 2027ರ ಮಾರ್ಚ್ 1 ಅಂತ ಗೊತ್ತು ಮಾಡಿದ್ದಾರೆ. ರೋಬಸ್ಟಾ ಕೊಯ್ಲು ಇನ್ನೂ ಪೂರ್ತಿ ಮುಗಿಯದ ಸಮಯ. ಅಷ್ಟರೊಳಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಹತ್ತಿರ ಇರುವ ಪಟ್ಟಿಯಲ್ಲಿ 'ಅಲ್ಪಾವಧಿ' ಸಾಲಿನಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು ನೋಡಿ ಬರೆಯಿರಿ. ಪ್ರಕಟಿಸುತ್ತೇವೆ.